ಗಣಕಯಂತ್ರ, ಅಂತರಜಾಲ ಮತ್ತು ನಮ್ಮ ಹೊಣೆಗಾರಿಕೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಂಘದ ಪದಾಧಿಕಾರಿಗಳು ನನ್ನನ್ನು ಆಹ್ವಾನಿಸಿದಾಗ ‘ಮಾಹಿತಿ ತಂತ್ರಜ್ಞಾನದಲ್ಲಿ ಉದ್ಯೋಗಾವಕಾಶಗಳು’ ಎಂಬ ವಿಷಯವನ್ನು ಸೂಚಿಸಿದ್ದರು. ಯಾವ ಕೋರ್ಸು ಮಾಡಿದರೆ ಎಷ್ಟು ಸಂಬಳ, ಯಾವ ಊರಿನಲ್ಲಿ ಕೆಲಸ ಎಂಬುದನ್ನು ನಿಮಗೆ ಹೇಳುವವರು ಬಹಳ ಮಂದಿ ಇದ್ದಾರೆ. ಆದ್ದರಿಂದ ವಿಷಯವನ್ನು ಸ್ವಲ್ಪ ಬದಲಿಸಲು ಅವರ ಅನುಮತಿ ಕೇಳಿದೆ. ಕಂಪ್ಯೂಟರ್ ಕಲಿಯುವುದು ಹೇಗೆಂದು ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಕಲಿತದ್ದನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬುದನ್ನು ಹೇಳಿಕೊಟ್ಟಿದ್ದೇವೆಯೇ? ಇಪ್ಪತ್ತು ವರ್ಷಗಳಿಂದ ಈ ವಿಷಯವನ್ನು ಪಾಠ ಮಾಡುತ್ತಿರುವ ನಾನೇ ಈ ಪ್ರಶ್ನೆಯ ಮುಂದೆ ತಲೆ ತಗ್ಗಿಸಬೇಕಾದ ಸಂದರ್ಭ ಒಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಾನೂನು ಬೇರೆ, ನೀತಿ ಬೇರೆ

ಮೊದಲು ಒಂದು ಹಳೆಯ ಸಂಗತಿ. 2000ದ ಮೇ ತಿಂಗಳ ಮೊದಲ ವಾರದಲ್ಲಿ ಪ್ರಪಂಚದಾದ್ಯಂತ ಲಕ್ಷಾಂತರ ಜನರಿಗೆ ‘ಐ ಲವ್ ಯು’ ಎಂಬ ಶೀರ್ಷಿಕೆಯ ಮಿಂಚಂಚೆ ಬಂತು. ಜೊತೆಗಿದ್ದ ಕಡತವನ್ನು ತೆರೆದವರ ಗಣಕಯಂತ್ರದಲ್ಲಿದ್ದ ಕಡತಗಳು ಹಾಳಾದವು. ಅವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪತ್ರ ತಾನಾಗಿ ಹೋಯಿತು. ಅದು ಫಿಲಿಪೈನ್ಸ್‌ನಿಂದ ಹೊರಟದ್ದೆಂದು ಪತ್ತೆಯಾಯಿತು. ಆದರೆ ಆ ದೇಶದಲ್ಲಿ ಆಗ ಇಂತಹ ಕೃತ್ಯವನ್ನು ಅಪರಾಧವೆಂದು ಹೇಳುವ ಕಾನೂನೇ ಇರಲಿಲ್ಲ. ಮೊಕದ್ದಮೆಯನ್ನು ಕೈಬಿಡಬೇಕಾಯಿತು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು ಕೂಡ ಅದೇ ವರ್ಷದ ಅಕ್ಟೋಬರ್ 17ರಂದು.

ಕಾನೂನು ಇರಲಿಲ್ಲ ಎಂದ ಮಾತ್ರಕ್ಕೆ ಆ ಕೆಲಸ ಸರಿಯಾಗಿತ್ತೇ? ಖಂಡಿತ ಇಲ್ಲ. ತಂತ್ರಜ್ಞಾನ ಯಾವಾಗಲೂ ಕಾನೂನಿಗಿಂತ ಮುಂದೆ ಓಡುತ್ತದೆ. ನಡುವೆ ಉಳಿಯುವ ಆ ಅಂತರವನ್ನು ತುಂಬುವುದು ಮನುಷ್ಯನ ಮನಸ್ಸಾಕ್ಷಿ ಮಾತ್ರ. ಇದನ್ನೇ ನಾವು ನೀತಿ ಎನ್ನುತ್ತೇವೆ. ಪೊಲೀಸರು ನೋಡುತ್ತಿದ್ದಾರೆಂದು ತಪ್ಪು ಮಾಡದಿರುವುದು ಭಯ. ಯಾರೂ ನೋಡದಿದ್ದಾಗಲೂ ತಪ್ಪು ಮಾಡದಿರುವುದು ನೀತಿ.

ಕಳ್ಳತನ, ಚಾಡಿ, ಮೋಸ ಇವೆಲ್ಲ ಕಂಪ್ಯೂಟರ್ ಬರುವ ಮೊದಲೂ ಇದ್ದವಲ್ಲ, ಹೊಸದೇನಿದೆ ಎಂದು ನೀವು ಕೇಳಬಹುದು. ಮೂರು ಹೊಸ ಸಂಗತಿಗಳಿವೆ. ಒಂದು, ವೇಗ. ಎರಡು, ವ್ಯಾಪ್ತಿ. ಹಿಂದೆ ಚಹಾದಂಗಡಿಯಲ್ಲಿ ಹುಟ್ಟಿದ ಗಾಳಿಮಾತು ಆ ಬೀದಿ ದಾಟುವಷ್ಟರಲ್ಲಿ ಯಾರಾದರೂ ಹಿರಿಯರು ‘ಸುಳ್ಳು ಮಾರಾಯಾ’ ಎಂದು ತಡೆಯುತ್ತಿದ್ದರು. ಇಂದು ಅದೇ ಮಾತು ದುಬೈಗೂ ದಮ್ಮಾಮಿಗೂ ಕ್ಷಣಮಾತ್ರದಲ್ಲಿ ತಲುಪುತ್ತದೆ. ತಡೆಯುವ ಹಿರಿಯರು ಆ ದಾರಿಯಲ್ಲಿ ಸಿಗುವುದಿಲ್ಲ. ಮೂರು, ಮರೆ. ನಮ್ಮ ಕೃತ್ಯದಿಂದ ನೊಂದವರ ಮುಖ ನಮಗೆ ಕಾಣಿಸುವುದೇ ಇಲ್ಲ. ಎದುರಿಗೆ ನಿಂತವನ ಕಣ್ಣಲ್ಲಿ ನೀರು ಕಂಡರೆ ಎಂತಹ ಕಠಿಣ ಮನಸ್ಸಿನವನೂ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ಪರದೆಯ ಈಚೆಗೆ ಕುಳಿತವನಿಗೆ ಆ ಕಣ್ಣೀರು ಕಾಣುವುದಿಲ್ಲ.

ಬೆರಳ ತುದಿಯ ಸುದ್ದಿ

2012ರ ಆಗಸ್ಟ್ ತಿಂಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ‘ರಂಜಾನ್ ಮುಗಿಯುತ್ತಲೇ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ’ ಎಂಬ ಸುಳ್ಳು ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಬೆಂಗಳೂರಿನಲ್ಲಿ ಓದುತ್ತಿದ್ದ, ಹೋಟೆಲುಗಳಲ್ಲಿ, ಕಾವಲು ಕೆಲಸಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಯುವಕ ಯುವತಿಯರು ಸಿಕ್ಕಿದ ಬಟ್ಟೆಬರೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೇಂದ್ರ ಸರಕಾರ 15 ದಿನಗಳ ಕಾಲ ಸಗಟು ಎಸ್ಸೆಮ್ಮೆಸ್‌ಗಳನ್ನು ನಿಷೇಧಿಸಿ, ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಕಳುಹಿಸದಂತೆ ಮಿತಿ ಹೇರಿತು. ಆ ಸಂದೇಶದಿಂದ ನೊಂದವರು ಎರಡು ಕಡೆಯವರು ಎಂಬುದನ್ನು ಗಮನಿಸಿ. ಭಯದಿಂದ ಊರು ಬಿಟ್ಟವರು ಒಂದು ಕಡೆ. ತಾವು ಕನಸಿನಲ್ಲೂ ಎಣಿಸದ ಕೃತ್ಯದ ಕಳಂಕವನ್ನು ಹೊತ್ತವರು ಇನ್ನೊಂದು ಕಡೆ.

ಆರು ವರ್ಷಗಳ ನಂತರ, 2018ರಲ್ಲಿ, ಮಕ್ಕಳ ಕಳ್ಳರ ವದಂತಿ ಬಂತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಅದು ನಮ್ಮ ರಾಜ್ಯದ್ದಲ್ಲ, ನಮ್ಮ ದೇಶದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ತಯಾರಿಸಿದ ಕಿರುಚಿತ್ರ. ಅದರ ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವೊಂದನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ತೆಗೆದರು. ಕೆಲವೇ ಸೆಕೆಂಡುಗಳ ಕತ್ತರಿ ಪ್ರಯೋಗ. ಜಾಗೃತಿಯ ಚಿತ್ರ ವಿಷವಾಯಿತು.

ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26ರ ಯುವಕನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದರು. ಅಷ್ಟೇ ಅವರು ಮಾಡಿದ ತಪ್ಪು. ಜನ ಸುತ್ತುವರಿದಾಗ ಹೆದರಿ ಕಾರು ಓಡಿಸಿದರು. ಆದರೆ ಕಾರಿಗಿಂತ ಮೊದಲು ವಾಟ್ಸಾಪ್ ಸಂದೇಶ ಮುಂದಿನ ಊರಾದ ಮುರ್ಕಿಯನ್ನು ತಲುಪಿತ್ತು. ಅಲ್ಲಿಯವರು ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡ. ರಕ್ಷಿಸಲು ಹೋದ ಪೊಲೀಸರಿಗೂ ಗಾಯಗಳಾದವು. ವಾಟ್ಸಾಪ್ ಕಂಪೆನಿ ಆ ತಿಂಗಳು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿತು.

ಮಿತ್ರರೇ, ಈಗ ನನ್ನ ಸಂಗತಿ. ಆ ವಿಡಿಯೋ ನನ್ನ ಮೊಬೈಲಿಗೂ ಬಂದಿತ್ತು. ರಾತ್ರಿ ಹತ್ತು ಗಂಟೆಯಾಗಿತ್ತು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರು. ‘ಎಲ್ಲರೂ ಎಚ್ಚರವಾಗಿರಿ’ ಎಂದು ಒಂದು ಸಾಲು ಸೇರಿಸಿ ಮೂರು ಗುಂಪುಗಳಿಗೆ ಕಳುಹಿಸಿ ಮಲಗಿಬಿಟ್ಟೆ. ಕಂಪ್ಯೂಟರ್ ಮೇಷ್ಟ್ರು ಕಳುಹಿಸಿದ್ದಾರೆ ಎಂದ ಮೇಲೆ ಸುಳ್ಳಿರಲಾರದು ಎಂದು ಬೀದಿಯವರು ಅದನ್ನು ಮುಂದಕ್ಕೆ ಕಳುಹಿಸಿದರು.

ನಮ್ಮ ಬೀದಿಗೆ ಪ್ರತಿ ವರ್ಷ ಮಳೆಗಾಲದ ಮುಂಚೆ ಉತ್ತರ ಕರ್ನಾಟಕದ ಕಡೆಯಿಂದ ಕಂಬಳಿ, ಹೊದಿಕೆ ಮಾರುವ ಹೆಂಗಸೊಬ್ಬಳು ಬರುತ್ತಿದ್ದಳು. ಬೆನ್ನಿಗೆ ಮಗುವನ್ನು ಕಟ್ಟಿಕೊಂಡಿರುತ್ತಿದ್ದಳು. ನನ್ನ ತಾಯಿ ಆಕೆಗೆ ಚಹಾ ಕೊಟ್ಟು, ಜಗಲಿಯಲ್ಲಿ ಕೂರಿಸಿ ಊರಿನ ಸುಖದುಃಖ ಕೇಳುತ್ತಿದ್ದರು. ಆ ವರ್ಷ ಆಕೆ ಬಂದಾಗ ನಾಲ್ಕೈದು ಹುಡುಗರು ಆಕೆಯನ್ನು ತಡೆದು ನಿಲ್ಲಿಸಿದರು. ಆಧಾರ್ ಕಾರ್ಡು ತೋರಿಸು, ಈ ಮಗು ನಿನ್ನದೇ ಎಂದು ಏನು ಸಾಕ್ಷಿ ಎಂದು ಕೇಳಿದರು. ಮಗು ಅಳತೊಡಗಿತು. ನನ್ನ ತಾಯಿ ಓಡಿಹೋಗಿ ಆಕೆಯ ಕೈ ಹಿಡಿದುಕೊಂಡರು. ದೇವರ ದಯೆ, ಏನೂ ಆಗಲಿಲ್ಲ. ನಾನು ಆ ಹುಡುಗರನ್ನು ಗದರಿಸಲು ಹೋದೆ. ಒಬ್ಬ ತನ್ನ ಮೊಬೈಲು ತೆಗೆದು, ‘ಸರ್, ನೀವೇ ಕಳುಹಿಸಿದ್ದಲ್ಲವಾ?’ ಎಂದು ತೋರಿಸಿದ. ಅದರ ಮೇಲೆ ನಾನು ಬರೆದ ಸಾಲು ಇತ್ತು. ನನಗೆ ಉತ್ತರ ಇರಲಿಲ್ಲ.

ಅಂದು ಸಂಜೆಯೇ ಆ ಮೂರು ಗುಂಪುಗಳಿಗೂ ‘ನಾನು ಕಳುಹಿಸಿದ್ದು ಸುಳ್ಳು ವಿಡಿಯೋ, ಕ್ಷಮಿಸಿ’ ಎಂದು ಬರೆದೆ. ಕೆಲವರು ಓದಿದರು. ಆದರೆ ವಿಡಿಯೋ ಹಂಚಿದವರು ಯಾರೂ ಕ್ಷಮಾಪಣೆಯನ್ನು ಹಂಚಲಿಲ್ಲ. ಆ ಹೆಂಗಸು ಮರುವರ್ಷ ಬರಲಿಲ್ಲ. ಆಮೇಲೂ ಬರಲಿಲ್ಲ. ನನ್ನ ತಾಯಿ ಪ್ರತಿ ಮಳೆಗಾಲದ ಮೊದಲು ಆಕೆಯನ್ನು ನೆನೆಯುತ್ತಾರೆ. ನಾನು ಆಗ ಬೇರೆ ಮಾತು ತೆಗೆಯುತ್ತೇನೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮ ಹಿರಿಯರದು. ನಾವು ಪ್ರತ್ಯಕ್ಷ ಕಾಣದ್ದನ್ನೂ ಪ್ರಮಾಣಿಸದೆ ಕಳುಹಿಸುತ್ತಿದ್ದೇವೆ. ‘ಬಂದದ್ದನ್ನು ಕಳುಹಿಸಿದೆ, ನಾನೇನು ಬರೆದದ್ದಲ್ಲ’ ಎಂಬ ಸಮಜಾಯಿಷಿ ಸಲ್ಲದು. ಬೆಂಕಿ ಹಚ್ಚಿದವನು ನಾನಲ್ಲ, ಕೊಳ್ಳಿಯನ್ನು ಪಕ್ಕದ ಮನೆಗೆ ತಲುಪಿಸಿದೆ ಅಷ್ಟೇ ಎಂದರೆ ಯಾರಾದರೂ ಒಪ್ಪುತ್ತಾರೆಯೇ?

ಹಾಗೆಂದು ಹೊಣೆಗಾರಿಕೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ತಿಳಿಯಬೇಡಿ. ಅಂತರಜಾಲದಲ್ಲಿನ ಅಭಿಪ್ರಾಯಗಳಿಗಾಗಿ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಪ್ರಶ್ನಿಸುವುದು, ಟೀಕಿಸುವುದು, ಅನ್ಯಾಯವನ್ನು ಎತ್ತಿ ಹೇಳುವುದು ನಾಗರಿಕನ ಹಕ್ಕು. ಆದರೆ ನಿಮ್ಮ ಹೆಸರಿನಲ್ಲಿ, ನಿಮಗೆ ಗೊತ್ತಿರುವ ಸತ್ಯವನ್ನು ಹೇಳಿ.

ಗೌರವಕ್ಕೂ ಒಂದು ಬೀಗ ಬೇಕು

ಎರಡನೆಯದು ಖಾಸಗಿತನ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಾವು ಹೆಮ್ಮೆಪಡಬೇಕಾದ ವಿಷಯ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಪ್ರತ್ಯೇಕ ಕಾಯ್ದೆಯೂ ಬಂತು.

ಹುಡುಗರೇ, ಸಹಪಾಠಿಯ ಭಾವಚಿತ್ರವನ್ನು ಆಕೆಗೆ ತಿಳಿಯದೆ ತೆಗೆಯುವುದು, ಅದನ್ನು ತಿರುಚುವುದು, ಗುಂಪಿಗೆ ಹಾಕುವುದು ತಮಾಷೆಯಲ್ಲ. ಈಗ ಕೃತಕ ಬುದ್ಧಿಮತ್ತೆಯ ಸಲಕರಣೆಗಳಿಂದ ಯಾರ ಮುಖವನ್ನು ಯಾವ ದೇಹಕ್ಕೂ ಅಂಟಿಸಬಹುದು, ಯಾರ ಧ್ವನಿಯನ್ನೂ ಅನುಕರಿಸಬಹುದು. ಅಶ್ಲೀಲ ವಸ್ತುವನ್ನು ಪ್ರಸಾರ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಮೊದಲ ಅಪರಾಧಕ್ಕೇ 3 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ದಂಡದ ಮಾತು ಬಿಡಿ. ಆ ಹುಡುಗಿ ನಾಳೆಯಿಂದ ಕಾಲೇಜಿಗೆ ಬರುತ್ತಾಳೆಯೇ ಎಂಬುದು ನಿಜವಾದ ಪ್ರಶ್ನೆ.

ಇಲ್ಲಿ ಪೋಷಕರಲ್ಲಿ ಒಂದು ವಿನಂತಿ. ಮಗಳು ಅಳುತ್ತಾ ಬಂದು ‘ಹೀಗಾಗಿದೆ’ ಎಂದರೆ ಮೊದಲು ಆಕೆಯ ಮೊಬೈಲು ಕಿತ್ತುಕೊಳ್ಳಬೇಡಿ, ಕಾಲೇಜು ಬಿಡಿಸಬೇಡಿ. ಶಿಕ್ಷೆಯ ಭಯದಿಂದಲೇ ಮಕ್ಕಳು ಮೌನವಾಗಿರುತ್ತಾರೆ. ಆ ಮೌನವೇ ಬೆದರಿಸುವವನ ಬಂಡವಾಳ. ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ದೂರು ಕೊಡಿ. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಇಂತಹ ಕೃತ್ಯಗಳ ಬಗ್ಗೆ ಹೆಸರು ಹೇಳದೆಯೂ ದೂರು ಸಲ್ಲಿಸಲು ಅವಕಾಶವಿದೆ.

ಸಂಘ ಸಂಸ್ಥೆಗಳ ಹಿರಿಯರಲ್ಲೂ ಒಂದು ಮಾತು, ತಪ್ಪಾಗಿದ್ದರೆ ಮನ್ನಿಸಿ. ವಿದ್ಯಾರ್ಥಿ ವೇತನಕ್ಕಾಗಿ ಬಡ ಮಕ್ಕಳು ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಪ್ರತಿ, ತಂದೆಯ ಆದಾಯ, ಮನೆಯ ಕಷ್ಟ ಎಲ್ಲವನ್ನೂ ನಮ್ಮ ಕೈಗೆ ಕೊಡುತ್ತಾರೆ. ಆ ಕಾಗದಗಳು ಅಮಾನತ್ತು. ಆ ಪಟ್ಟಿಯನ್ನು ಮೊಬೈಲ್ ಸಂಖ್ಯೆಗಳ ಸಮೇತ ಗುಂಪುಗಳಲ್ಲಿ ಹಾಕುವುದು, ನೆರವು ಪಡೆಯುವ ಮಗುವಿನ ಚಿತ್ರವನ್ನು ಪ್ರಚಾರಕ್ಕೆ ಬಳಸುವುದು ಸರಿಯೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕಲಿತವರು ನಾವು. ಇಂದು ಬಲಗೈ ಕೊಟ್ಟದ್ದು ಐನೂರು ಮೊಬೈಲುಗಳಿಗೆ ತಿಳಿಯುತ್ತಿದೆ. ಕೊಡುವವರ ಹೆಸರು ಉಳಿಯಲಿ, ಪಡೆಯುವವರ ಗೌರವವೂ ಉಳಿಯಲಿ.

ಬಾಡಿಗೆಗೆ ಕೊಟ್ಟ ಖಾತೆ

ಮೂರನೆಯದು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ವಿಷಯ. ‘ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ ಕಾರ್ಡು ಸ್ವಲ್ಪ ದಿನ ಕೊಡು, ಕಮಿಷನ್ ಕೊಡುತ್ತೇನೆ’ ಎಂದು ಯಾರಾದರೂ ಕೇಳಿದರೆ ಎದ್ದು ಬನ್ನಿ. ಸೈಬರ್ ವಂಚಕರು ದೋಚಿದ ಹಣ ನೇರವಾಗಿ ಅವರ ಕೈಗೆ ಹೋಗುವುದಿಲ್ಲ. ಮೊದಲು ಇಂತಹ ಬಾಡಿಗೆ ಖಾತೆಗಳಿಗೆ ಬಂದು, ಅಲ್ಲಿಂದ ಹಲವು ಖಾತೆಗಳಿಗೆ ಹಂಚಿಹೋಗುತ್ತದೆ. ನಿಮಗೆ ಸಿಗುವ ಕೆಲವು ಸಾವಿರ ರೂಪಾಯಿ, ಎಲ್ಲೋ ಒಬ್ಬ ನಿವೃತ್ತ ಶಿಕ್ಷಕರ ಜೀವಮಾನದ ಉಳಿತಾಯದ ಚೂರು. ಪೊಲೀಸರು ಜಾಡು ಹಿಡಿದು ಬರುವಾಗ ಮೊದಲು ಸಿಗುವ ಹೆಸರು ವಂಚಕನದಲ್ಲ, ನಿಮ್ಮದು. ಮೊಕದ್ದಮೆ ದಾಖಲಾದರೆ ಪಾಸ್‌ಪೋರ್ಟಿಗೆ ತೊಡಕು. ಗಲ್ಫ್ ಕನಸು, ಸರಕಾರಿ ನೌಕರಿಯ ಕನಸು ಅಲ್ಲಿಗೆ ನಿಂತುಹೋಗಬಹುದು.

ಹಾಗೆಯೇ ಮನೆಯ ಹಿರಿಯರಿಗೆ ಒಂದು ಮಾತು ಹೇಳಿಕೊಡಿ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರಾಗಲಿ ಸಿಬಿಐ ಆಗಲಿ ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಣ ವರ್ಗಾಯಿಸಲು ಹೇಳುವುದಿಲ್ಲ. ಮೋಸ ಹೋದದ್ದು ಗೊತ್ತಾದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟು ಹಣ ಕೈಬದಲಾಗುತ್ತದೆ. ಮೋಸ ಹೋದವರನ್ನು ‘ಇಷ್ಟು ಓದಿಯೂ ಬುದ್ಧಿಯಿಲ್ಲವೇ’ ಎಂದು ಹಂಗಿಸಬೇಡಿ. ಹಂಗಿಸುವ ಸಮಾಜದಲ್ಲಿ ಜನ ದೂರು ಕೊಡುವುದಿಲ್ಲ.

ನಾಳಿನ ಇಂಜಿನಿಯರುಗಳಿಗೆ

ನಿಮ್ಮಲ್ಲಿ ಹಲವರು ತಂತ್ರಾಂಶ ಬರೆಯುವವರಾಗುತ್ತೀರಿ. ನಿಮಗಾಗಿ ಒಂದು ಉದಾಹರಣೆ. 1980ರ ದಶಕದಲ್ಲಿ ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಯಂತ್ರ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿತ್ತು. ಹಿಂದಿನ ಮಾದರಿಗಳಲ್ಲಿ ಅಪಾಯ ತಡೆಯಲು ಯಂತ್ರದೊಳಗೇ ಪ್ರತ್ಯೇಕ ತಡೆಗಳಿದ್ದವು. ಇದರಲ್ಲಿ ಅವುಗಳನ್ನು ತೆಗೆದು ಎಲ್ಲವನ್ನೂ ತಂತ್ರಾಂಶಕ್ಕೆ ಬಿಟ್ಟರು. ನಿರ್ವಾಹಕರು ವೇಗವಾಗಿ ಕೀಲಿಗಳನ್ನು ಒತ್ತಿ ತಿದ್ದುಪಡಿ ಮಾಡಿದಾಗ ತಂತ್ರಾಂಶ ಗೊಂದಲಕ್ಕೊಳಗಾಗಿ, ಕೊಡಬೇಕಾದ ಪ್ರಮಾಣಕ್ಕಿಂತ ಹಲವು ಪಟ್ಟು ವಿಕಿರಣ ಹೊಮ್ಮುತ್ತಿತ್ತು. ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದಷ್ಟೇ ಬರುತ್ತಿತ್ತು. ಹಾಗೆಂದರೇನೆಂದು ನಿರ್ವಾಹಕರಿಗೆ ಗೊತ್ತಿರಲಿಲ್ಲ. ಒಂದು ಕೀಲಿ ಒತ್ತಿ ಚಿಕಿತ್ಸೆ ಮುಂದುವರಿಸುತ್ತಿದ್ದರು. 1985ರಿಂದ 1987ರವರೆಗೆ ಇಂತಹ 6 ಅವಘಡಗಳು ನಡೆದವು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ರೋಗಿಗಳು ‘ಸುಟ್ಟಂತಾಯಿತು’ ಎಂದಾಗ, ಯಂತ್ರ ಹಾಗೆ ಮಾಡಲು ಸಾಧ್ಯವೇ ಇಲ್ಲ ಎಂದು ತಯಾರಕರು ವಾದಿಸಿದ್ದರು.

ಇದರಲ್ಲಿ ಯಾರೂ ದುಷ್ಟರಿರಲಿಲ್ಲ. ಇದ್ದದ್ದು ಅಸಡ್ಡೆ ಮತ್ತು ಯಂತ್ರದ ಮೇಲಿನ ಕುರುಡು ನಂಬಿಕೆ. ‘ಯಂತ್ರ ಹೇಳಿದೆ’ ಎಂಬುದು ಉತ್ತರವಲ್ಲ. ಪಡಿತರ ಯಂತ್ರದಲ್ಲಿ ಬೆರಳಚ್ಚು ಹೊಂದದೆ ಮುದುಕಿಯೊಬ್ಬಳು ಬರಿಗೈಲಿ ಹಿಂದಿರುಗಿದರೆ ತಪ್ಪು ಆಕೆಯ ಸವೆದ ಬೆರಳಿನದ್ದೇ? ಸಾಲಕ್ಕೆ ಯಾರು ಅರ್ಹರು, ಕೆಲಸಕ್ಕೆ ಯಾರನ್ನು ಕರೆಯಬೇಕು ಎಂಬುದನ್ನು ತಂತ್ರಾಂಶಗಳು ನಿರ್ಧರಿಸತೊಡಗಿರುವ ಈ ಕಾಲದಲ್ಲಿ ಆ ಸಾಲುಗಳನ್ನು ಬರೆಯುವ ನಿಮ್ಮ ಕೈಯಲ್ಲಿ ಯಾರದೋ ಅನ್ನವಿದೆ ಎಂಬುದನ್ನು ಮರೆಯಬೇಡಿ.

ಇನ್ನೊಬ್ಬರ ಬೆವರು

ಕೊನೆಯದಾಗಿ, ಇನ್ನೊಬ್ಬರ ಶ್ರಮದ ಗೌರವ. ಅಂಗಡಿಯಿಂದ ಪೆನ್ನು ಕದಿಯದ ನಾವು ತಂತ್ರಾಂಶವನ್ನು, ಪುಸ್ತಕವನ್ನು, ಗೆಳೆಯನ ಪ್ರಾಜೆಕ್ಟನ್ನು ನಿಶ್ಚಿಂತೆಯಿಂದ ನಕಲು ಮಾಡುತ್ತೇವೆ. ದುಡ್ಡಿಲ್ಲ ಎಂಬುದು ನೆಪ. ಹಣ ಕೊಡದೆ ನ್ಯಾಯವಾಗಿ ಬಳಸಬಹುದಾದ ಲಿನಕ್ಸ್‌ನಂತಹ ಮುಕ್ತ ತಂತ್ರಾಂಶಗಳು ಬೇಕಾದಷ್ಟಿವೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪ್ರಬಂಧಕ್ಕೆ ತಮ್ಮ ಹೆಸರು ಹಾಕುವವರಿಗೂ ಇದೇ ಮಾತು. ಅರ್ಥವಾಗದ್ದನ್ನು ಅದರ ಬಳಿ ಕೇಳಿ ತಿಳಿಯಿರಿ, ತಪ್ಪಿಲ್ಲ. ಅದು ಹೇಳಿದ್ದೆಲ್ಲ ನಿಜವಲ್ಲ ಎಂಬ ಎಚ್ಚರವಿರಲಿ. ಆದರೆ ನಿಮ್ಮ ಬದಲು ಅದು ಕಲಿಯಲಾರದು.

ಕೊಟ್ಟು ದೊಡ್ಡವರಾದವರೂ ನಮ್ಮಲ್ಲಿದ್ದಾರೆ. ನಾವು ಇಂದು ಗಣಕಯಂತ್ರದಲ್ಲಿ ಸಲೀಸಾಗಿ ಕನ್ನಡ ಬರೆಯುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಅವರು ಅದನ್ನು ಎಲ್ಲರೂ ಬಳಸಲು ಬಿಟ್ಟುಕೊಟ್ಟರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಇಂದಿಗೂ ಬರೆಯುತ್ತಿರುವವರು ಸಂಬಳವಿಲ್ಲದ ಸ್ವಯಂಸೇವಕರು. ನಿಮ್ಮ ಊರಿನ ಕೆರೆಯ ಬಗ್ಗೆ, ಕಸುಬಿನ ಬಗ್ಗೆ, ಶಾಲೆಯ ಬಗ್ಗೆ ನಿಜವಾದ ಹತ್ತು ಸಾಲು ನೀವೂ ಬರೆಯಬಹುದು. ಅಂತರಜಾಲದಿಂದ ಪಡೆಯುವುದಷ್ಟೇ ಅಲ್ಲ, ಅದಕ್ಕೆ ಕೊಡುವುದೂ ನಮ್ಮ ಹೊಣೆ.

ಐದು ಪ್ರಶ್ನೆಗಳು

ನನ್ನ ಮಾತು ಮುಗಿಸುವ ಮೊದಲು, ಗುಂಡಿ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳನ್ನು ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

1. ಇದು ನಿಜವೆಂದು ನನಗೆ ಹೇಗೆ ಗೊತ್ತು?
2. ಇದರಿಂದ ನೋಯುವವರು ಯಾರು? ಅವರು ನನ್ನ ಎದುರು ಕುಳಿತಿದ್ದರೆ ಇದನ್ನು ಕಳುಹಿಸುತ್ತಿದ್ದೆನೇ?
3. ಇದು ನನ್ನದೇ? ಅಲ್ಲವಾದರೆ ಒಡೆಯರ ಒಪ್ಪಿಗೆ ಇದೆಯೇ?
4. ಇದರ ಕೆಳಗೆ ನನ್ನ ಹೆಸರು, ನನ್ನ ತಂದೆತಾಯಿಯ ಹೆಸರು ಬರೆಯಲು ಸಿದ್ಧನಿದ್ದೇನೆಯೇ?
5. ತಪ್ಪಾದರೆ, ತಪ್ಪನ್ನು ಹಂಚಿದಷ್ಟೇ ಮಂದಿಗೆ ಕ್ಷಮಾಪಣೆಯನ್ನೂ ತಲುಪಿಸುತ್ತೇನೆಯೇ?

ಐದಕ್ಕೂ ಉತ್ತರ ಹುಡುಕಲು ಒಂದು ನಿಮಿಷ ಸಾಕು. ಆ ರಾತ್ರಿ ಹತ್ತು ಗಂಟೆಗೆ ನನ್ನ ಬಳಿ ಆ ಒಂದು ನಿಮಿಷ ಇತ್ತು. ನಾನು ಅದನ್ನು ಬಳಸಲಿಲ್ಲ.

ಪ್ರತಿ ವರ್ಷ ಈ ಸಂಘದ ನೆರವಿನಿಂದ ಓದಿದ ಮಕ್ಕಳು ಡಾಕ್ಟರುಗಳಾಗಿ, ಇಂಜಿನಿಯರುಗಳಾಗಿ, ಶಿಕ್ಷಕರಾಗಿ ಹೊರಬರುತ್ತಿದ್ದಾರೆ. ಓದಿದವರ ಮಾತನ್ನು ಊರು ನಂಬುತ್ತದೆ. ಆದ್ದರಿಂದಲೇ ಓದಿದವರು ಕಳುಹಿಸುವ ಸುಳ್ಳು ಇತರರ ಸುಳ್ಳಿಗಿಂತ ಹೆಚ್ಚು ಅಪಾಯಕಾರಿ. ಹಿರಿಯರು ಖರ್ಚು ಮಾಡಿ ನಿಮಗೆ ವಿದ್ಯೆ ಕೊಡಿಸಿದ್ದಾರೆ. ವಿದ್ಯೆಯ ಜೊತೆಗೆ ಈ ನಂಬಿಕೆಯೂ ನಿಮ್ಮ ಕೈಗೆ ಬಂದಿದೆ. ಅದನ್ನು ಕಾಪಾಡಿಕೊಳ್ಳಿ. ನಮ್ಮ ಬೀದಿಗಳಿಗೆ ಕಂಬಳಿ ಮಾರುವವರು, ಪಾತ್ರೆ ಮಾರುವವರು, ಅಪರಿಚಿತ ದಾರಿಹೋಕರು ಹೆದರದೆ ಬಂದು ಜಗಲಿಯಲ್ಲಿ ಕುಳಿತು ನೀರು ಕುಡಿಯುವಂತಾದರೆ, ಈ ತಂತ್ರಜ್ಞಾನವನ್ನು ನಾವು ಸರಿಯಾಗಿ ಕಲಿತಿದ್ದೇವೆ ಎಂದರ್ಥ.